ಎಂಟು ಅಕ್ಷರದ ಹೆಸರುಗಳು

ಸೋಮವಾರ, 6 ಸೆಪ್ಟೆಂಬರ್ 1999

ಯೋಚಿಸದೆ ಮಾತಾಡುವವಳು ನಾನಲ್ಲ. ಇವತ್ತು ಮಾತಾಡಿಬಿಟ್ಟೆ. ಅದಕ್ಕೇ ಜನವರಿಯಿಂದ ಖಾಲಿ ಬಿದ್ದಿದ್ದ ಈ ಡೈರಿ ತೆಗೆದು ಕೂತಿದ್ದೇನೆ.

ಬೆಳಿಗ್ಗೆ ವರ್ಕ್ಸ್ ಮ್ಯಾನೇಜರ್ ಷಣ್ಮುಖಪ್ಪನವರು ಕರೆದು ಹೆಡ್ ಆಫೀಸಿನ ಪತ್ರ ತೋರಿಸಿದರು. ಇಸವಿ ಎರಡು ಸಾವಿರ ಆದ ದಿನ ಇಸವಿಯ ಕೊನೆಯ ಎರಡೇ ಅಂಕಿ ಓದುವ ನಮ್ಮ ಹಳೇ ಪ್ರೋಗ್ರಾಮುಗಳು ಸೊನ್ನೆ ಸೊನ್ನೆ ನೋಡಿ ಸಾವಿರದ ಒಂಬೈನೂರಕ್ಕೆ ವಾಪಸು ಹೋಗುತ್ತವಂತೆ. ನವೆಂಬರ್ ಮೂವತ್ತರೊಳಗೆ ಎಲ್ಲವನ್ನೂ ತಿದ್ದಿ, ಪರೀಕ್ಷೆ ಮಾಡಿ ತೋರಿಸಬೇಕು. ಆಗದಿದ್ದರೆ ಬೆಂಗಳೂರಿನಿಂದ ರೆಡಿಮೇಡ್ ಪ್ಯಾಕೇಜ್ ಬರುತ್ತದೆ, ಕಂಪ್ಯೂಟರ್ ಸೆಕ್ಷನ್ ಮುಚ್ಚುತ್ತದೆ. ಸೆಕ್ಷನ್ ಅಂದರೆ ನಾನು ಮತ್ತು ಆಪರೇಟರ್ ಹಾಲಸ್ವಾಮಿ.

"ಪ್ಯಾಕೇಜೇ ಬರ್ಲಿ ಬಿಡಿ. ನಿಮ್ಮಿಬ್ಬರನ್ನ ವೇಬ್ರಿಡ್ಜಿಗೆ ಹಾಕ್ತೀನಿ. ಲಾರಿ ಬರುತ್ತೆ, ತೂಗ್ತೀರಿ, ಹೋಗುತ್ತೆ. ಏನೂ ತಲೆಬಿಸಿ ಇಲ್ಲ," ಎಂದರು, ಉಪಕಾರ ಮಾಡುವವರ ಧ್ವನಿಯಲ್ಲಿ.

"ಬೇಡ ಸರ್, ನಾವೇ ಮಾಡ್ತೀವಿ."

"ಬರೆದುಕೊಡಿ ಹಾಗಾದ್ರೆ."

ಬರೆದುಕೊಟ್ಟೆ. ಇಂಗ್ಲಿಷಿನಲ್ಲಿ, ಒಂದೂ ತಪ್ಪಿಲ್ಲದೆ. ನಾನು ಯಾಕೆ ಹಾಗೆ ಹೇಳಿದೆ? ಧೈರ್ಯವೋ, ಲಾರಿಯ ಧೂಳಿನ ಭಯವೋ ಗೊತ್ತಿಲ್ಲ. ಹಾಲಸ್ವಾಮಿಗೆ ಹೇಳಿದಾಗ ಕೇಳಿದ್ದು ಒಂದೇ: "ಮೇಡಂ, ವೇಬ್ರಿಡ್ಜಲ್ಲಿ ಫ್ಯಾನ್ ಇದ್ಯಂತಾ?"

ಬುಧವಾರ, 8 ಸೆಪ್ಟೆಂಬರ್

ಹೆಡ್ ಆಫೀಸು ಕಳಿಸಿದ ಶೀತಲ್ ಎಂಬ ಹುಡುಗಿ ಬೆಂಗಳೂರಿನಿಂದ ಬಂದಳು. ಪರೀಕ್ಷೆಗಳ ತಜ್ಞೆ. ವಾರಕ್ಕೊಮ್ಮೆ ಬಂದು ನಮ್ಮನ್ನು ನೋಡುತ್ತಾಳೆ. ನನ್ನ ಅರ್ಧ ವಯಸ್ಸು, ಎರಡರಷ್ಟು ಫೈಲು.

ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ಯುವ ನಮ್ಮ ಫೌಂಡ್ರಿಯಲ್ಲಿ ಆರುನೂರ ನಲವತ್ತು ಜನ. ಯಾರು ಯಾವ ಶಿಫ್ಟು, ಯಾರಿಗೆ ಯಾವ ದಿನ ರಜೆ, ಗೇಟಿನ ಗಡಿಯಾರದಲ್ಲಿ ಕಾರ್ಡು ಒತ್ತಿದ್ದು ಎಷ್ಟು ಹೊತ್ತಿಗೆ, ಇಷ್ಟನ್ನೂ ನಲವತ್ತೊಂದು ಸಣ್ಣ ಸಣ್ಣ ಪ್ರೋಗ್ರಾಮುಗಳು ನೋಡಿಕೊಳ್ಳುತ್ತವೆ. ಬರೆದವರು ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಮುರುಗೇಶಪ್ಪನವರು, ಎರಡು ವರ್ಷದ ಹಿಂದೆ ನಿವೃತ್ತರಾದರು. ಆ ಯಂತ್ರದಲ್ಲಿ ಒಂದು ಹೆಸರಿಗೆ ಎಂಟೇ ಇಂಗ್ಲಿಷ್ ಅಕ್ಷರ ಹಿಡಿಯುವುದು. ಅವರು ಆ ಎಂಟರೊಳಗೆ ಕನ್ನಡ ತುರುಕಿದ್ದಾರೆ.

ಶೀತಲ್ ಪಟ್ಟಿ ಓದಿದಳು. "ಹೋಲ್. ಟೇಲ್. ಬೇಲ್. ಇದೇನು ಮೇಡಂ, ಎಟಿಟಿಇ? ಅಟೆಂಡೆನ್ಸಾ?"

ಹಾಲಸ್ವಾಮಿ ಬಾಯಿಗೆ ಕರವಸ್ತ್ರ ಹಿಡಿದುಕೊಂಡ. "ಅದು ಅತ್ತೆ ಮೇಡಂ. ಎಲ್ಲಿ ತಪ್ಪಿದ್ರೂ ಹುಡುಕಿ ಬೈಯೋ ಪ್ರೋಗ್ರಾಮು. ಅವರ ಅತ್ತೆ ಮನೆಗೆ ಬಂದಾಗ ಬರೆದಿದ್ದಂತೆ."

ನನಗೆ ನಾಚಿಕೆಯಾಯಿತು, ನಾನೇ ಇಟ್ಟ ಹೆಸರೇನೋ ಎಂಬಂತೆ. ಶೀತಲ್ ಎರಡು ಅಪ್ಪಣೆ ಕೊಟ್ಟು ಹೋದಳು. ಒಂದು, ಪ್ರೋಗ್ರಾಮುಗಳಿಗೆ ಓದಿದರೆ ತಿಳಿಯುವ ಹೆಸರು. ಎರಡು, ಪ್ರತಿ ಪರೀಕ್ಷೆಗೂ ಹೆಸರು. ನಾನು ಟೆಸ್ಟ್ ಒಂದು, ಟೆಸ್ಟ್ ಎರಡು ಎಂದು ಇಟ್ಟುಕೊಂಡಿದ್ದೆ. "ಫೇಲಾದ್ರೆ ಏನು ಫೇಲಾಯ್ತು ಅಂತ ಹೆಸರೇ ಹೇಳ್ಬೇಕು ಮೇಡಂ. ಟೆಸ್ಟ್ ಹದಿನೇಳು ಫೇಲು ಅಂದ್ರೆ ಯಾರಿಗೆ ಏನು ಗೊತ್ತಾಗುತ್ತೆ?"

ಸರಿಯಾದ ಮಾತು. ಕನ್ನಡವನ್ನು ಕನ್ನಡದಲ್ಲಿ ಬರೆಯಬೇಕು, ಇಂಗ್ಲಿಷನ್ನು ಇಂಗ್ಲಿಷಿನಲ್ಲಿ. ಈ ಕಲಬೆರಕೆ ನನಗೆ ಮೊದಲಿನಿಂದಲೂ ಆಗದು. ನಲವತ್ತೊಂದಕ್ಕೂ ಶುದ್ಧ ಇಂಗ್ಲಿಷ್ ಹೆಸರಿಡುತ್ತೇನೆ.

ಮಂಗಳವಾರ, 21 ಸೆಪ್ಟೆಂಬರ್

ಹನ್ನೆರಡು ಮುಗಿಯಿತು. ಕೆಲಸ ವೇಗವಾಗಿ ಸಾಗುತ್ತಿದೆ ಎಂದು ಬರೆಯಲು ಸಂಕೋಚ, ಆದರೂ ಸಾಗುತ್ತಿದೆ.

ಇವತ್ತು HALU ಸಿಕ್ಕಿತು. ಒಳಗೆ ಬರೀ ತಾರೀಕುಗಳು, ಮತ್ತು ಕುಲುಮೆಯ ಗುಂಪಿನವರ ನಂಬರುಗಳು. ಕುಲುಮೆಯ ಮುಂದೆ ನಿಲ್ಲುವವರಿಗೆ ಹಿಂದೆ ದಿನಾ ಒಂದು ಲೋಟ ಹಾಲು ಕೊಡುತ್ತಿದ್ದರು, ತೊಂಬತ್ತನಾಲ್ಕರಿಂದ ಅದರ ಬದಲು ಬೆಲ್ಲ. ಹಾಲು ನಿಂತು ಐದು ವರ್ಷವಾದ ಮೇಲೂ ಹಾಲಿನ ಪ್ರೋಗ್ರಾಮು ಓಡುತ್ತಲೇ ಇದೆ! ಇಂಥದ್ದನ್ನು ನೋಡಿದರೆ ಆ ಮನುಷ್ಯ ಹೇಗೆ ಕೆಲಸ ಮಾಡುತ್ತಿದ್ದರು ಎನಿಸುತ್ತದೆ. ಕಿತ್ತು ಹಾಕಿದೆ.

ಹಾಲಸ್ವಾಮಿ, "ಮೇಡಂ, ಒಂದ್ಸಲ ಕೇಳಿ ತೆಗೀಬಹುದಿತ್ತು," ಎಂದ.

"ಹಾಲು ಅಂದ್ರೆ ಹಾಲು ತಾನೆ? ಏನು ಕೇಳೋದು?"

ಸೋಮವಾರ, 27 ಸೆಪ್ಟೆಂಬರ್

ಕುಲುಮೆ ರಿಪೇರಿಗೆ ನಿಲ್ಲಿಸಿದ ದಿನ. ಬೆಳಿಗ್ಗೆ ಏಳಕ್ಕೆ ಅರವತ್ತನಾಲ್ಕು ಜನ ಶಿಫ್ಟಿಗೆ ಬಂದು ತಣ್ಣಗಿದ್ದ ಕುಲುಮೆಯ ಸುತ್ತ ನಿಂತಿದ್ದರು. ಪಟ್ಟಿಯಲ್ಲಿ ಅವರ ಹೆಸರು ಇತ್ತು, ಬಂದರು. ಒಬ್ಬ ಊದುಬತ್ತಿ ಹಚ್ಚಿಟ್ಟಿದ್ದನಂತೆ.

ಷಣ್ಮುಖಪ್ಪನವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ವೇಬ್ರಿಡ್ಜಿನ ಕೀ ಯಾರ ಹತ್ತಿರ ಇದೆ ಎಂದು ನನ್ನೆದುರಿಗೇ ಫೋನಿನಲ್ಲಿ ವಿಚಾರಿಸಿದರು.

ಮಂಗಳವಾರ, 28 ಸೆಪ್ಟೆಂಬರ್

ನಿನ್ನೆ ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ದೀಪದ ಬತ್ತಿ ಹೊಸೆಯುತ್ತ ಕೇಳಿಸಿಕೊಂಡರು.

"ಇಂಗ್ಲಿಷಲ್ಲಿ ಹಾಲಿಗೂ ಹಾಳಿಗೂ ಬೇರೆ ಬೇರೆ ಅಕ್ಷರ ಇದ್ಯೇನೇ?"

"ಇಲ್ಲ."

"ಮತ್ತೆ? ಹಾಳು ದಿನ ಅಂತ ಬರೆದಿರ್ತಾನೆ ಪುಣ್ಯಾತ್ಮ. ಕುಲುಮೆ ಕೆಟ್ಟ ದಿನ."

ತಾರೀಕುಗಳು. ಕುಲುಮೆಯ ಗುಂಪಿನವರ ನಂಬರುಗಳು. ಹಾಳು ದಿನಗಳಂದು ಅವರನ್ನು ಬೇರೆ ಕೆಲಸಕ್ಕೆ ಹಾಕುವ ಪ್ರೋಗ್ರಾಮು ಅದು.

"ಹೊಟ್ಟೆ ಬಟ್ಟೆ ಕಟ್ಟಿ ಕಾನ್ವೆಂಟಿಗೆ ಹಾಕಿದ್ದು 'ಳ' ಕಳ್ಕೊಂಡು ಬರ್ಲಿ ಅಂತಾನಾ ಮಾರಾಯ್ತಿ?" ಎಂದರು ಅಮ್ಮ. ಅವರು ನಕ್ಕರು. ನಾನು ನಗಲಿಲ್ಲ, ಆದರೆ ರಾತ್ರಿ ಊಟ ಮಾಡುವಾಗ ಸ್ವಲ್ಪ ನಗು ಬಂತು.

ಇವತ್ತು HALU ವಾಪಸು ಹಾಕಿದೆ. ಶೀತಲ್‌ಗೆ ಫೋನು ಮಾಡಿ, ಹಳೇ ಹೆಸರುಗಳನ್ನು ನಾನು ಮುಟ್ಟುವುದಿಲ್ಲ ಎಂದೆ. ಒಂದು ಪ್ರೋಗ್ರಾಮು ಇನ್ನೊಂದನ್ನು ಹೆಸರು ಹಿಡಿದು ಕರೆಯುತ್ತದೆ, ಬದಲಾಯಿಸಿದರೆ ಎಲ್ಲಿ ಏನು ಕೆಡುತ್ತದೋ ಗೊತ್ತಿಲ್ಲ. ಪರೀಕ್ಷೆಯ ಹೆಸರಿನಲ್ಲಿ ಮೊದಲು ಪ್ರೋಗ್ರಾಮಿನ ಹೆಸರು, ಆಮೇಲೆ ಅದು ಮಾಡುವ ಕೆಲಸ, ಹಾಗೆ ಬರೆಯುತ್ತೇನೆ. ಸ್ವಲ್ಪ ಹೊತ್ತು ವಾದ ಮಾಡಿ ಒಪ್ಪಿದಳು.

ಶನಿವಾರ, 2 ಅಕ್ಟೋಬರ್

ಗಾಂಧಿ ಜಯಂತಿ, ರಜೆ. ಆದರೂ ಭದ್ರಾವತಿ ಬಸ್ಸು ಹತ್ತಿದೆ. ಮುರುಗೇಶಪ್ಪನವರು ಜನ್ನಾಪುರದಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದಾರೆ. ಮೀಸೆ, ಹುಬ್ಬು, ಕನ್ನಡಕ ಎಲ್ಲ ರಾಗಿ ಹಿಟ್ಟು. ಎರಡು ಕಲ್ಲು ಓಡುತ್ತಿದ್ದವು. ಮಾತು ಕೂಗಿಯೇ ಆಡಬೇಕು.

"ಎಚ್ ಎ ಎಲ್ ಯು!" ಎಂದು ಕೂಗಿದೆ.

"ಹಾಳು!" ಎಂದು ಕೂಗಿದರು.

"ಹಾಳಾ?"

ರಾಗಿ ಚೀಲ ಹಿಡಿದು ನಿಂತಿದ್ದ ಒಬ್ಬಾಕೆ ನನ್ನ ಭುಜ ತಟ್ಟಿ, "ಇಲ್ಲಿ ಹಾಲು ಸಿಗಲ್ಲಮ್ಮ, ಡೈರಿ ಆಚೆ ಬೀದಿ," ಎಂದಳು.

ಮುರುಗೇಶಪ್ಪನವರಿಗೆ ನಮ್ಮ ಮೇಲೆ ಬೇಸರವಿತ್ತು. "ಇಪ್ಪತ್ತೆಂಟು ವರ್ಷ ಸರ್ವಿಸು. ಬೀಳ್ಕೊಡುಗೆ ದಿನ ಒಂದು ಗೋಡೆ ಗಡಿಯಾರ ಕೊಟ್ರು, ಹಾರ ಹಾಕಿದ್ರು. ಮುರುಗೇಶಪ್ಪ, ಈ ಪ್ರೋಗ್ರಾಮಿನೊಳಗೆ ಏನಿಟ್ಟಿದ್ದೀಯಪ್ಪ ಅಂತ ಒಬ್ರಾದ್ರೂ ಕೇಳಿದ್ರಾ ಸುಮನಮ್ಮ? ನೀವಾದ್ರೂ?"

ನಾನು ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ? ಎಲ್ಲ ಕಾಗದದಲ್ಲಿ ಇರುತ್ತದೆ ಎಂದುಕೊಂಡಿದ್ದೆ.

ಕೊನೆಗೆ ಮೆತ್ತಗಾದರು. ಒಂದೊಂದೇ ಹೆಸರು ಓದಿದೆ, ಒಂದೊಂದೇ ಅರ್ಥ ಕೂಗಿದರು. HOLE ಅಂದರೆ ಹೊಳೆ, ಹೊಳೆಯ ಆಚೆ ಕಡೆಯಿಂದ ಬರುವವರ ಪಟ್ಟಿ. TALE ತಲೆ, ಎಷ್ಟು ಜನ ಬಂದರೆಂದು ಎಣಿಸುವುದು. BALE ಕೇಳಿದಾಗ ಮಾತ್ರ ತಲೆ ಅಲ್ಲಾಡಿಸಿದರು. "ಎಲ್ಲ ನಾನೇ ಹೇಳಿದ್ರೆ ನಿಮಗೇನು ಕೆಲಸ? ಕೋರ್ ಶಾಪಿಗೆ ಹೋಗಿ ಲಿಂಗಮ್ಮನ್ನ ಕೇಳಿ."

ಇಪ್ಪತ್ಮೂರು ಹೆಸರು ಬಗೆಹರಿಯಿತು. ಪಟ್ಟಿಯಲ್ಲಿದ್ದ ಇಂಗ್ಲಿಷ್ ಹೆಸರುಗಳನ್ನು ಕೇಳಲಿಲ್ಲ, ಅವು ನನಗೇ ಗೊತ್ತಲ್ಲ. ಅಂಥವು ಐದಾರು ಇವೆ. MALE, LIST, ಇತ್ಯಾದಿ.

ಸೋಮವಾರ, 11 ಅಕ್ಟೋಬರ್

ಈ ಕಾರ್ಖಾನೆಗೆ ಸೇರಿ ಎಂಟು ವರ್ಷವಾಯಿತು. ಕೋರ್ ಶಾಪಿನೊಳಗೆ ಇವತ್ತೇ ಮೊದಲ ಸಲ ಕಾಲಿಟ್ಟಿದ್ದು. ಅಚ್ಚಿನೊಳಗೆ ಕೂರಿಸುವ ಮರಳಿನ ಗಟ್ಟಿಗಳನ್ನು ಮಾಡುವ ಜಾಗ. ಅಲ್ಲಿ ಇಪ್ಪತ್ತೆರಡು ಹೆಂಗಸರಿದ್ದಾರೆ. ಇಡೀ ಫೌಂಡ್ರಿಯಲ್ಲಿ ಹೆಂಗಸರೆಂದರೆ ಅವರು, ಮತ್ತು ನಾನು.

"ಓಹೋ, ಕಂಪ್ಯೂಟರಮ್ಮೋರು ಇತ್ಲಾಗೆ ಬಂದವ್ರೆ. ಸೀರೆ ಎತ್ತಿ ಹಿಡ್ಕಳಿ, ಕೆಳಗೆಲ್ಲ ಮರಳು," ಎಂದಳು ಲಿಂಗಮ್ಮ. ಐವತ್ತು ದಾಟಿದವಳು, ಅಲ್ಲಿಯ ಮುಖ್ಯಸ್ಥೆ ಎಂದು ಯಾರೂ ಬರೆದುಕೊಟ್ಟಿಲ್ಲ, ಆದರೆ ಅವಳೇ ಮುಖ್ಯಸ್ಥೆ.

BALE ಎಂದು ಅಕ್ಷರ ಬಿಡಿಸಿ ಹೇಳುವ ಬದಲು, ಅಮ್ಮ ಹೇಳಿಕೊಟ್ಟಂತೆ ಕೇಳಿದೆ: "ಬಲೆ, ಬಾಳೆ, ಬಳೆ. ಇದ್ರಲ್ಲಿ ಯಾವ್ದು ನಿಮ್ಮದು?"

ಅವಳು ಎರಡೂ ಕೈ ಎತ್ತಿ ಬಳೆ ಕುಲುಕಿದಳು. ಉಳಿದವರೆಲ್ಲ ಕುಲುಕಿದರು. ಹೆಂಗಸರನ್ನು ರಾತ್ರಿ ಶಿಫ್ಟಿಗೆ ಹಾಕದಂತೆ ನೋಡಿಕೊಳ್ಳುವ ಪ್ರೋಗ್ರಾಮು. "ಮುರುಗೇಶಣ್ಣ ನಮ್ಮುನ್ನ ಕೇಳೇ ಹೆಸರಿಟ್ಟಿದ್ದು. ನಿಮ್ ಕೈ ಯಾಕಮ್ಮ ಬೋಳು?"

ವಾಚು ಇದೆಯಲ್ಲ ಎಂದೆ. "ಅದು ಸದ್ದು ಮಾಡಾಕಿಲ್ವಲ್ಲ," ಎಂದಳು.

ವಾಪಸು ಬಂದು ಪರೀಕ್ಷೆಗೆ ಹೆಸರಿಟ್ಟೆ: BALE, ಹೆಂಗಸರಿಗೆ ರಾತ್ರಿ ಶಿಫ್ಟು ಇಲ್ಲ. ಇಂಗ್ಲಿಷಿನಲ್ಲಿ ಬರೆದೆ, ಆದರೆ ಬರೆಯುವಾಗ ಆ ಸದ್ದು ಕೇಳುತ್ತಿತ್ತು.

ಸೋಮವಾರ, 18 ಅಕ್ಟೋಬರ್

ಆಯುಧಪೂಜೆ. ಹಾಲಸ್ವಾಮಿ ಮಾನಿಟರಿಗೆ ವಿಭೂತಿ ಬಳಿದು, ಕೀಬೋರ್ಡಿನ ಮೇಲೆ ಸೇವಂತಿಗೆ ಇಟ್ಟ. ಒಂದು ಎಸಳು ಒಳಗೆ ಹೋಗಿ ಈಗ ಎಂಟರ್ ಒತ್ತಿದರೆ ಎರಡು ಸಲ ಒತ್ತುತ್ತದೆ.

ಗುರುವಾರ, 28 ಅಕ್ಟೋಬರ್

ಮೂವತ್ತೆಂಟು ಮುಗಿದಿದೆ. ಇವತ್ತು MALE ಕೈಗೆತ್ತಿಕೊಂಡೆ.

ಗಂಡಸರಿಗೆ ಸಂಬಂಧಪಟ್ಟಿದ್ದು ಎಂದು ಸೆಪ್ಟೆಂಬರಿನಲ್ಲೇ ಒಂದು ಪರೀಕ್ಷೆ ಬರೆದಿದ್ದೆ. ಮೂರು ಗಂಡಸರ ಕಾರ್ಡು ಹಾಕಿದ್ದೆ, ಪಾಸಾಗಿತ್ತು. ಆದರೆ ಶೀತಲ್ ಒಂದು ಪಾಠ ಹೇಳಿಕೊಟ್ಟಿದ್ದಾಳೆ. ಆಗಬೇಕಾದ್ದು ಆಗುತ್ತದೆಯೇ ಎಂದು ನೋಡಿದರೆ ಸಾಲದು, ಆಗಬಾರದ್ದು ಆಗದೆ ಇರುತ್ತದೆಯೇ ಎಂದೂ ನೋಡಬೇಕು. ಹಾಗಾಗಿ ಲಿಂಗಮ್ಮನ ಕಾರ್ಡು ಹಾಕಿದೆ. ಗಂಡಸರಿಗೆ ಆದದ್ದೇ ಅವಳಿಗೂ ಆಯಿತು. ಅಲ್ಲಿಗೆ ನನ್ನ ಪರೀಕ್ಷೆ ಫೇಲು.

ಒಳಗೆ ನೋಡಿದರೆ ಆರರಿಂದ ಒಂಬತ್ತು ಎಂಬ ಅಂಕಿ, ಮತ್ತು ಮೂವತ್ತು. ಬೇರೇನೂ ಇಲ್ಲ. ಅರ್ಧ ಗಂಟೆ ನೋಡುತ್ತ ಕೂತೆ.

"ಹಾಲಸ್ವಾಮಿ, ಈ ಮೇಲ್ ಅನ್ನೋದು ಏನು?"

ಅವನು ಎದ್ದು ಬಾಗಿಲು ಎಳೆದು ಬಂದ. "ಮೇಲ್ ಅಲ್ಲ ಮೇಡಂ. ಮಳೆ."

ಆರರಿಂದ ಒಂಬತ್ತು, ಅಂದರೆ ಜೂನಿನಿಂದ ಸೆಪ್ಟೆಂಬರ್. ನಮ್ಮಲ್ಲಿ ಹತ್ತು ನಿಮಿಷ ತಡವಾಗಿ ಬಂದರೆ ಹಾಜರಿಗೆ ಕೆಂಪು ಗುರುತು ಬೀಳುತ್ತದೆ. ತಿಂಗಳಿಗೆ ಮೂರು ಕೆಂಪಾದರೆ ವಿವರಣೆ ಬರೆದುಕೊಡಬೇಕು, ಆರಾದರೆ ಒಂದು ವಾರ ಮನೆಗೆ. ಮಳೆಗಾಲದ ನಾಲ್ಕು ತಿಂಗಳು ಮಾತ್ರ ಈ ಪ್ರೋಗ್ರಾಮು ಮೂವತ್ತು ನಿಮಿಷದವರೆಗೆ ಕೆಂಪು ಬೀಳಲು ಬಿಡುವುದಿಲ್ಲ. ಸೇತುವೆಗೆ ನೀರು ಬಂದರೆ ಹೊಳೆಯಾಚೆಯ ಬಸ್ಸು ಸುತ್ತು ಹಾಕಿ ಬರುತ್ತದಂತೆ.

"ಇದಕ್ಕೆ ಆರ್ಡರ್ ಎಲ್ಲಿದೆ?"

"ಆರ್ಡರ್ ಇಲ್ಲ."

"ಇದು ಯಾರಿಗೆ ಗೊತ್ತು?"

"ಎಲ್ರಿಗೂ ಗೊತ್ತು ಮೇಡಂ. ಆಫೀಸಿಗೆ ಒಂದು ಬಿಟ್ಟು."

"ನಂಗೆ ಯಾಕೆ ಹೇಳ್ಲಿಲ್ಲ?"

ಅವನು ತುಂಬಾ ಮರ್ಯಾದೆಯಿಂದ, "ನೀವು ಆಫೀಸಲ್ವಾ ಮೇಡಂ," ಎಂದ.

ಸೋಮವಾರ, 1 ನವೆಂಬರ್

ರಾಜ್ಯೋತ್ಸವ. ಷಣ್ಮುಖಪ್ಪನವರು ಧ್ವಜ ಹಾರಿಸಿ ಕನ್ನಡದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. "ಡೈಲಿ ಲೈಫಲ್ಲಿ ಕನ್ನಡ ಯೂಸ್ ಮಾಡ್ಬೇಕು" ಎಂದಾಗ ಚಪ್ಪಾಳೆ. ಸಿಹಿ ತಿಂದು, ಅಲ್ಲಿಂದಲೇ ಗಿರಣಿಗೆ ಹೋದೆ.

MALE ಎಂದ ಕೂಡಲೇ ಮುರುಗೇಶಪ್ಪ ಎರಡೂ ಕಲ್ಲು ನಿಲ್ಲಿಸಿದರು. ಸದ್ದು ನಿಂತಾಗ ಅವರ ನಿಜವಾದ ಧ್ವನಿ ಕೇಳಿದೆ, ತೀರ ಮೆಲ್ಲಗಿದೆ.

"ಎಂಬತ್ತೆಂಟನೇ ಇಸವಿ ಜುಲೈ. ಒಂದೇ ತಿಂಗಳಲ್ಲಿ ಎಪ್ಪತ್ತು ಜನಕ್ಕೆ ಆರು ಕೆಂಪು ಬಿತ್ತು. ಬಸ್ಸು ಬರದಿದ್ರೆ ಅವ್ರೇನು ಈಜ್ಕೊಂಡು ಬರ್ಬೇಕಾ? ಆಗಿನ ಸಾಹೇಬ್ರಿಗೆ ಹೇಳ್ದೆ. ಪರಿಶೀಲಿಸೋಣ ಅಂದ್ರು. ಪರಿಶೀಲನೆ ಮುಗಿಯೋ ಹೊತ್ತಿಗೆ ದೀಪಾವಳಿ. ಮುಂದಿನ ವರ್ಷ ನಾನು ಸಾಹೇಬ್ರಿಗೆ ಹೇಳ್ಲಿಲ್ಲ. ಮೆಶೀನಿಗೆ ಹೇಳ್ದೆ."

"ಯಾರೂ ಕಂಡುಹಿಡೀಲಿಲ್ವಾ?"

"ಮೂರು ಆಡಿಟ್ ಆಯ್ತು ಸುಮನಮ್ಮ. ಬಂದೋರೆಲ್ಲ ಇಂಗ್ಲಿಷ್ ಓದಿದೋರು. ಮೇಲ್ ಅಂತ ಓದ್ಕಂಡು ಮುಂದೆ ಹೋದ್ರು. ಆ ಹೆಸರನ್ನ ನಾನೇನು ಸುಮ್ನೆ ಇಟ್ನಾ?" ಎಂದು ಮೀಸೆಯ ಹಿಟ್ಟು ಕೊಡವಿಕೊಂಡರು. "ನೀವೂ ಹಾಗೇ ಓದಿದ್ರಿ ತಾನೆ?"

ಹೌದು ಎನ್ನುವುದನ್ನು ಬಿಟ್ಟು ದಾರಿಯಿರಲಿಲ್ಲ.

ಶುಕ್ರವಾರ, 12 ನವೆಂಬರ್

ನಲವತ್ತು ಪರೀಕ್ಷೆಗಳಿಗೆ ಹೆಸರಾಯಿತು. ಒಂದಕ್ಕಿಲ್ಲ.

ಮೊದಲು 'ಮಳೆಗಾಲದ ಅರ್ಧ ಗಂಟೆ ರಿಯಾಯಿತಿ' ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಬರೆದೆ. ಓದಿದರೆ ಷಣ್ಮುಖಪ್ಪನವರಿಗೂ ತಿಳಿಯುತ್ತದೆ, ತಿಳಿದ ದಿನವೇ ಕಿತ್ತು ಹಾಕಿಸುತ್ತಾರೆ. ಆರ್ಡರ್ ಇಲ್ಲದ್ದು ಅವರ ಮಟ್ಟಿಗೆ ಇಲ್ಲದ್ದೇ. ಹೊಡೆದು ಹಾಕಿದೆ. ಪಟ್ಟಿಯಿಂದಲೇ ಬಿಟ್ಟರೆ? ನಲವತ್ತೊಂದು ಪ್ರೋಗ್ರಾಮಿಗೆ ನಲವತ್ತು ಪರೀಕ್ಷೆ ಎಂದು ಶೀತಲ್ ಬೆರಳು ಮಡಿಸಿ ಎಣಿಸುತ್ತಾಳೆ. ತಿದ್ದಿದ್ದು ಸರಿ ಎಂಬ ಸರ್ಟಿಫಿಕೇಟು ಸಿಗುವುದಿಲ್ಲ, ಪ್ಯಾಕೇಜ್ ಬರುತ್ತದೆ. ಪ್ಯಾಕೇಜಿಗೆ ಈ ಮಳೆ ಗೊತ್ತಿಲ್ಲ, ಈ ಬಳೆಯೂ ಗೊತ್ತಿಲ್ಲ.

ಇನ್ನು ಸುಳ್ಳು ಹೆಸರು. ಅದು ನನ್ನಿಂದಾಗದು. ಎಂಟು ವರ್ಷದಲ್ಲಿ ಈ ಕಾರ್ಖಾನೆಯ ಕಾಗದದ ಮೇಲೆ ಒಂದು ಸುಳ್ಳೂ ಬರೆದಿಲ್ಲ. ಇದು ಹೆಮ್ಮೆಯ ವಿಷಯವೋ, ಅಥವಾ ಬರೆಯುವ ಸಂದರ್ಭವೇ ಬರಲಿಲ್ಲವೋ?

ಅಮ್ಮನನ್ನು ಕೇಳಿದೆ. "ನೀನು ಹುಟ್ಟಿದಾಗ ತೊಟ್ಟಿಲಲ್ಲಿ ಒಂದು ಹೆಸರು ಇಟ್ವಿ, ಜಾತಕಕ್ಕೊಂದು ಇಟ್ವಿ, ಕೂಗೋದು ಇನ್ನೊಂದು. ಯಾವ್ದೇ ಸುಳ್ಳು?" ಎಂದರು.

ಮಂಗಳವಾರ, 16 ನವೆಂಬರ್

ಕೋರ್ ಶಾಪಿಗೆ ಹೋಗಿದ್ದೆ. ಕೆಲಸವೇನೂ ಇರಲಿಲ್ಲ.

ಲಿಂಗಮ್ಮನಿಗೆ ವಿಷಯ ಮುಟ್ಟಿದೆ. ಹಾಲಸ್ವಾಮಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. "ಅಮ್ಮೋರೇ, ಅದನ್ನ ತೆಗೆದ್ರೆ ಮೊದ್ಲು ಕೆಂಪಾಗೋದು ನಾವೇ. ಗಂಡಸ್ರು ಸೈಕಲ್ ಮೇಲಾದ್ರೂ ಬತ್ತಾರೆ. ನಾವು ಬಸ್ಸೇ ಕಾಯ್ಬೇಕು," ಎಂದಳು. ಬೇಡಲಿಲ್ಲ, ಮರಳು ಕುಟ್ಟುತ್ತಲೇ ಹೇಳಿದಳು. ನಂತರ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಕೊಟ್ಟಳು. ಹುಚ್ಚೆಳ್ಳು ಚಟ್ನಿ ಬಹಳ ಚೆನ್ನಾಗಿತ್ತು.

ಬುಧವಾರ, 24 ನವೆಂಬರ್

ಪಟ್ಟಿ ಕೊಟ್ಟೆ. ಎಲ್ಲ ಹೆಸರೂ ಒಂದೇ ನಿಯಮದಂತೆ: ಮೊದಲು ಪ್ರೋಗ್ರಾಮು, ಆಮೇಲೆ ಕೆಲಸ. ನಲವತ್ತೊಂದನೆಯದು:

MALE GRACE 30

ಮಳೆ. ರಿಯಾಯಿತಿ. ಮೂವತ್ತು. ಒಂದು ಅಕ್ಷರವೂ ಸುಳ್ಳಲ್ಲ. ಓದುವವರು ಹೇಗೆ ಓದುತ್ತಾರೆ ಎಂಬುದಕ್ಕೆ ಬರೆದವಳು ಹೊಣೆಯೇ? ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿದೆ ಎಂಬ ಅನುಮಾನವಿದೆ. ಆದರೂ ನಿದ್ದೆ ಬರುತ್ತಿದೆ.

ಮಂಗಳವಾರ, 30 ನವೆಂಬರ್

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಹೆಡ್ ಆಫೀಸಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದಿದ್ದರು, ಕನ್ನಡ ಬಾರದವರು. ಯಂತ್ರದ ತಾರೀಕನ್ನು ಮುಂದಿನ ವರ್ಷದ ಜುಲೈಗೆ ತಿರುಗಿಸಿ, ಒಂದೊಂದೇ ಪರೀಕ್ಷೆ ಓಡಿಸಿದೆವು. ಶೀತಲ್ ಹೆಸರು ಓದುವುದು, ಹಾಲಸ್ವಾಮಿ ಎಂಟರ್ ಒತ್ತುವುದು. ನಲವತ್ತೂ ಪಾಸು.

"ಮೇಲ್ ಗ್ರೇಸ್ ತರ್ಟಿ," ಎಂದು ಓದಿದಳು ಶೀತಲ್. ಹೊನ್ನಯ್ಯ ಎಂಬ ಅಚ್ಚಿನ ಕೆಲಸದವರ ಕಾರ್ಡು, ಬೆಳಿಗ್ಗೆ ಏಳರ ಶಿಫ್ಟಿಗೆ ಏಳು ಇಪ್ಪತ್ತೈದು. ಕೆಂಪಾಗಲಿಲ್ಲ. ಪಾಸು. ಶೀತಲ್ ಟಿಕ್ ಹಾಕಲು ಹೊರಟಾಗ ಅಧಿಕಾರಿ ಪೆನ್ನು ಎತ್ತಿದರು.

"ಒಂದು ನಿಮಿಷ. ಗಂಡಸರಿಗೆ ಅರ್ಧ ಗಂಟೆ ರಿಯಾಯಿತಿಯೇ? ಯಾವಾಗಿನಿಂದ?"

ಷಣ್ಮುಖಪ್ಪನವರು ನನ್ನನ್ನು ನೋಡಿದರು. ನಾನು ಗೋಡೆಯನ್ನು ನೋಡಿದೆ. ತಮ್ಮ ಕಾರ್ಖಾನೆಯಲ್ಲಿ ತಮಗೇ ತಿಳಿಯದ ನಿಯಮವಿದೆ ಎಂದು ಹೆಡ್ ಆಫೀಸಿನ ಎದುರು ಒಪ್ಪಿಕೊಳ್ಳುವ ಮ್ಯಾನೇಜರ್ ಇನ್ನೂ ಹುಟ್ಟಿಲ್ಲ.

"ಬಹಳ ಹಿಂದಿನಿಂದ ಬಂದ ಪದ್ಧತಿ ಸರ್," ಎಂದರು ಗಂಭೀರವಾಗಿ. "ಕಾರ್ಮಿಕರ ಹಿತದೃಷ್ಟಿಯಿಂದ."

"ಹೆಂಗಸರಿಗೆ ಯಾಕಿಲ್ಲ?"

"ಹೆಂಗಸರು... ಇಪ್ಪತ್ತೆರಡೇ ಜನ ಸರ್."

"ಅಂದರೆ ಇಪ್ಪತ್ತೆರಡು ಕೇಸು. ನಾಳೆ ಒಬ್ಬಳು ಕೋರ್ಟಿಗೆ ಹೋದರೆ ಉತ್ತರ ಕೊಡುವವರು ಯಾರು? ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಇದು ನಡೆಯುವುದಿಲ್ಲ." ನನ್ನ ಕಡೆ ತಿರುಗಿದರು. "ಹೆಂಗಸರಿಗೂ ವಿಸ್ತರಿಸಲು ಎಷ್ಟು ದಿನ ಬೇಕು?"

ಬದಲಾಯಿಸಬೇಕಾದ ಸಾಲು ಒಂದೂ ಇಲ್ಲ. ಆ ಪ್ರೋಗ್ರಾಮು ಗಂಡು ಹೆಣ್ಣು ನೋಡುವುದೇ ಇಲ್ಲ.

"ಎರಡು ದಿನ ಸರ್," ಎಂದೆ.

ಹಾಲಸ್ವಾಮಿ ಕೆಮ್ಮುತ್ತ ಹೊರಗೆ ಹೋದ.

ಸರ್ಟಿಫಿಕೇಟಿಗೆ ಸಹಿಯಾಯಿತು. ಪ್ಯಾಕೇಜ್ ಸದ್ಯಕ್ಕೆ ಬೇಡ ಎಂದರು. ಖುಷಿಯಾಗಬೇಕಿತ್ತು, ಆಗಿದೆ ಕೂಡ. ಆದರೆ ಆ 'ಎರಡು ದಿನ' ಎನ್ನುವುದು ಎಲ್ಲಿಂದ ಬಂತು? ಅಷ್ಟು ಸರಾಗವಾಗಿ?

ಶನಿವಾರ, 4 ಡಿಸೆಂಬರ್

ಹೆಡ್ ಆಫೀಸಿನ ಆದೇಶ ಬಂತು. ನಂಬರು, ತಾರೀಕು, ಸೀಲು ಎಲ್ಲ ಇದೆ. ಕನ್ನಡ ಮಾಡಿ ನೋಟೀಸು ಬೋರ್ಡಿಗೆ ಹಾಕಿದ್ದಾರೆ: 'ಪುರುಷ ನೌಕರರಿಗೆ ರೂಢಿಯಲ್ಲಿರುವ ಅರ್ಧ ಗಂಟೆಯ ರಿಯಾಯಿತಿಯನ್ನು ಮಹಿಳಾ ನೌಕರರಿಗೂ ಸಮಾನವಾಗಿ ಅನ್ವಯಿಸತಕ್ಕದ್ದು.'

ಲಿಂಗಮ್ಮನಿಗೆ ಓದಿ ಹೇಳಿದೆ. "ಅಂದ್ರೆ ನಮಗೆ ಇಷ್ಟು ದಿನ ಇರ್ಲಿಲ್ವಾ?" ಎಂದಳು. ಇತ್ತು ಎಂದೆ. "ಈಗ?" ಈಗಲೂ ಇದೆ ಎಂದೆ. "ಮತ್ತೆ ಏನಮ್ಮ ಬದಲಾಗಿದ್ದು?" ಎಂದು ಕೇಳಿ, ತಾನೇ ಸ್ವಲ್ಪ ಯೋಚಿಸಿ, "ಸೀಲು," ಎಂದಳು.

ಹೊರಟಾಗ ಇನ್ನೊಂದು ಮಾತು ಹೇಳಿದಳು. "ಇದ್ರಲ್ಲಿ ಮಳೆಗಾಲ ಅಂತ ಎಲ್ಲೂ ಬರ್ದಿಲ್ವಲ್ಲ? ಈಗ ಚಳಿಗೂ ಬಸ್ಸು ಸ್ಟಾರ್ಟ್ ಆಗಕಿಲ್ಲ. ಇಬ್ಬರು ಇಳ್ದು ತಳ್ಬೇಕು."

ಮತ್ತೆ ಓದಿದೆ. ಬರೆದಿಲ್ಲ.

ಸೋಮವಾರ, 6 ಡಿಸೆಂಬರ್

ಷಣ್ಮುಖಪ್ಪನವರ ಹತ್ತಿರ ಹೋಗಿ, ಆದೇಶದಲ್ಲಿ ತಿಂಗಳಿನ ಮಾತಿಲ್ಲ, ವರ್ಷಪೂರ್ತಿ ಎಂದು ತಿಳಿಯಲೇ ಎಂದು ಕೇಳಿದೆ.

"ಮೊದ್ಲಿಂದ ಹೇಗಿತ್ತು?"

"ಹಿಂದಿನಿಂದ ಬಂದ ಪದ್ಧತಿ ಅಂತ ನೀವೇ ಹೇಳಿದ್ರಲ್ಲ ಸರ್. ನಿಮಗೆ ಗೊತ್ತಿರುತ್ತೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹೌದು ಹೌದು, ಗೊತ್ತು. ಆರ್ಡರ್‌ನಲ್ಲಿ ಹೇಗಿದೆಯೋ ಹಾಗೆ ಮಾಡಿ."

ಆರ್ಡರ್‌ನಲ್ಲಿ ಹೇಗಿದೆಯೋ ಹಾಗೆಯೇ ಮಾಡಿದೆ. ಜೂನು ಸೆಪ್ಟೆಂಬರು ಎಂದಿದ್ದ ಸಾಲನ್ನು ತೆಗೆದೆ. ಡಿಸೆಂಬರ್ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಬಂದ ಕಾರ್ಡು ಹಾಕಿ ಓಡಿಸಿದೆ. ಕೆಂಪಾಗಲಿಲ್ಲ. ಹೊಸ ಪರೀಕ್ಷೆಯಾದ್ದರಿಂದ ಒಂದು ಹೆಸರು ಬೇಕಿತ್ತು. ಹೆಚ್ಚು ಯೋಚಿಸಲಿಲ್ಲ. ಕೈ ತಾನೇ CHALI ಎಂದು ಒತ್ತಿತು.

ಸಂಜೆ ಶೀತಲ್ ಫೋನು ಮಾಡಿದಳು. "ಮೇಡಂ, ಈ ಹೊಸದು, ಸಿಎಚ್ಎ ಎಲ್ಐ. ಚೇಂಜ್ ಲಿಸ್ಟಾ?"

"ಹಾಗೂ ಓದಬಹುದು," ಎಂದೆ.

"ಗುಡ್ ನೇಮ್ ಮೇಡಂ. ಓದಿದ ಕೂಡ್ಲೇ ಗೊತ್ತಾಗುತ್ತೆ," ಎಂದು ಟಿಕ್ ಹಾಕಿಕೊಂಡಳು.